ಕಾಗದವನ್ನೇ ಪರದೆ ಮಾಡಲು ಹೊರಟವರ ನಾಲ್ಕು ಸಾವಿರ ಪೇಟೆಂಟ್‌ಗಳು

ಪೇಟೆಗೆ ಹೋದಾಗ ಝೆರಾಕ್ಸ್ ಅಂಗಡಿಯ ಮುಂದೆ ನಿಲ್ಲದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಕ್ಕಲಕೋಟೆ, ಜತ್ತದವರಿಗೆ ಉತಾರ ಬೇಕು. ತಾಳವಾಡಿ, ಹೊಸೂರಿನವರಿಗೆ ಪಟ್ಟಾ ಬೇಕು. ಆದೋನಿ, ಮಡಕಶಿರಾದವರಿಗೆ ಅಡಂಗಲ್ ಬೇಕು. ಕಾಸರಗೋಡಿನವರಿಗೆ ವಿಲೇಜ್ ಆಫೀಸಿನ ಸರ್ಟಿಫಿಕೇಟು ಬೇಕು. ಕಾಗದದ ಹೆಸರು ಬೇರೆ, ಅದರ ಭಾಷೆ ಬೇರೆ. ಕಾಯುವ ಸಾಲು ಮಾತ್ರ ಒಂದೇ! ಹಾಗೆ ಕಾಯುವಾಗ ಅಂಗಡಿಯ ಬಣ್ಣದ ಪ್ರಿಂಟರಿನ ಸದ್ದು ಕೇಳಿಯೇ ಇರುತ್ತೀರಿ. 'ಝರ್... ಝರ್...' ಎಂದು ಒಳಗೆ ಏನೋ ಅತ್ತಿಂದಿತ್ತ ಓಡಾಡುತ್ತದೆ. ಒಂದು ಓಟಕ್ಕೆ ಒಂದು ಪಟ್ಟಿಯಷ್ಟು ಅಚ್ಚಾಗಿ ಕಾಗದ ಮೆಲ್ಲಗೆ ಹೊರಗೆ ಬರುತ್ತದೆ.

ಓಡಾಡುವ ಆ ಭಾಗವೇ ಪ್ರಿಂಟರಿನ ತಲೆ, ಅಂದರೆ ಪ್ರಿಂಟ್‌ಹೆಡ್. ಅದು ಓಡಾಡಲೇಬೇಕೇ? ಕಾಗದದಷ್ಟೇ ಅಗಲದ ತಲೆ ಮಾಡಿ ಅದನ್ನು ಒಂದೇ ಕಡೆ ನಿಲ್ಲಿಸಿ, ಕಾಗದವನ್ನೇ ಅದರ ಕೆಳಗೆ ಓಡಿಸಿದರೆ ಆಗದೇ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಕಿಯಾ ಸಿಲ್ವರ್‌ಬ್ರೂಕ್. ಅಮೆರಿಕ ದೇಶವೊಂದರಲ್ಲೇ ಅವರ ಹೆಸರಿನಲ್ಲಿರುವ ಪೇಟೆಂಟ್‌ಗಳು 4,700ಕ್ಕೂ ಹೆಚ್ಚು. ವಿದ್ಯುತ್ ಬಲ್ಬಿನ ಥಾಮಸ್ ಆಲ್ವಾ ಎಡಿಸನ್‌ಗೆ ಸಿಕ್ಕಿದ್ದು 1,093. ಅಂದರೆ ಎಡಿಸನ್‌ಗಿಂತ ನಾಲ್ಕು ಪಟ್ಟು ಹೆಚ್ಚು! ಆದರೆ ಎಡಿಸನ್ ಹೆಸರು ನಮ್ಮ ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಸಿಲ್ವರ್‌ಬ್ರೂಕ್ ಹೆಸರು ಮೇಷ್ಟ್ರಿಗೂ ಗೊತ್ತಿಲ್ಲ. ಹೀಗೇಕಾಯಿತು? ಪೇಟೆಂಟ್ ಎಂದರೆ ಏನು, ಅದರ ಬೆಲೆ ಎಲ್ಲಿದೆ ಎಂದು ತಿಳಿಯಲು ಇವರ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಯಾರು ಈ ಸಿಲ್ವರ್‌ಬ್ರೂಕ್?

1958ರಲ್ಲಿ ಹುಟ್ಟಿದ ಸಿಲ್ವರ್‌ಬ್ರೂಕ್ ಮೊದಲು ಕೆಲಸ ಮಾಡಿದ್ದು ಸಿಡ್ನಿಯ ಫೇರ್‌ಲೈಟ್ ಎಂಬ ಕಂಪನಿಯಲ್ಲಿ. ಕಂಪ್ಯೂಟರಿನಿಂದ ಸಂಗೀತ ಹೊರಡಿಸುವ ಯಂತ್ರಗಳಿಗೆ ಹೆಸರಾದ ಕಂಪನಿ ಅದು. ಆಮೇಲೆ ಜಪಾನಿನ ಕ್ಯಾನನ್ ಕಂಪನಿಯು ಆಸ್ಟ್ರೇಲಿಯಾದಲ್ಲಿ ತೆರೆದ ಸಂಶೋಧನಾ ಕೇಂದ್ರವನ್ನು ಕಟ್ಟಿ ನಡೆಸಿದರು. 1994ರಲ್ಲಿ ಸಿಡ್ನಿಯ ಬಾಲ್ಮೇನ್ ಎಂಬಲ್ಲಿ ಸಿಲ್ವರ್‌ಬ್ರೂಕ್ ರಿಸರ್ಚ್ ಎಂಬ ತಮ್ಮದೇ ಸಂಸ್ಥೆ ಶುರುಮಾಡಿದರು. ಈ ಸಂಸ್ಥೆ ಯಾವ ಯಂತ್ರವನ್ನೂ ಅಂಗಡಿಯಲ್ಲಿಟ್ಟು ಮಾರುತ್ತಿರಲಿಲ್ಲ. ಹೊಸದನ್ನು ಕಂಡುಹಿಡಿಯುವುದು, ಪೇಟೆಂಟ್ ಮಾಡಿಸುವುದು, ಅದನ್ನು ಬಳಸುವ ಹಕ್ಕನ್ನು ಬೇರೆ ಕಂಪನಿಗಳಿಗೆ ಕೊಡುವುದು... ಇದೇ ಅದರ ದಂಧೆ.

ಅವರ ಕೆಲಸದಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದು, ಬಹಳ ಬೇಗ ಅಚ್ಚು ಹಾಕುವ ಪ್ರಿಂಟರ್. ಇನ್ನೊಂದು, ಅಚ್ಚಾದ ಕಾಗದವನ್ನೇ ಕಂಪ್ಯೂಟರ್ ಪರದೆಯಂತೆ ಮುಟ್ಟಿದರೆ ಉತ್ತರ ಕೊಡುವಂತೆ ಮಾಡುವುದು. ಎರಡನ್ನೂ ಒಂದೊಂದಾಗಿ ನೋಡೋಣ.

ಹೊಲದಷ್ಟು ಅಗಲದ ಕೂರಿಗೆ

ಇಂಕ್‌ಜೆಟ್ ಪ್ರಿಂಟರ್ ಕೆಲಸ ಮಾಡುವ ರೀತಿ ಬಿತ್ತನೆಯ ಹಾಗೇ ಇದೆ. ತಲೆಯಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರುತ್ತವೆ. ಹಲವು ಪ್ರಿಂಟರ್‌ಗಳಲ್ಲಿ ಒಂದೊಂದು ತೂತಿನ ಹಿಂದೆಯೂ ಚೂರು ಶಾಯಿ, ಒಂದು ಪುಟಾಣಿ ಹೀಟರ್. ಕರೆಂಟು ಹರಿದ ಕೂಡಲೇ ಹೀಟರ್ ಕಾದು ಶಾಯಿಯಲ್ಲಿ ಒಂದು ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದ ರಭಸಕ್ಕೆ ಒಂದು ಹನಿ ಶಾಯಿ ತೂತಿನಿಂದ ಹಾರಿ ಕಾಗದದ ಮೇಲೆ ಬೀಳುತ್ತದೆ. ಇಂಥ ಸಾವಿರಾರು ಹನಿ ಸೇರಿದರೆ ಒಂದು ಅಕ್ಷರ, ಲಕ್ಷಾಂತರ ಸೇರಿದರೆ ಒಂದು ಚಿತ್ರ.

ಮಾಮೂಲಿ ಪ್ರಿಂಟರಿನ ತಲೆ ಒಂದು ಇಂಚಿನ ಆಸುಪಾಸು ಇರುತ್ತದೆ. ಮೂರು ತಾಳಿನ ಕೂರಿಗೆ ಹೊಲದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರುವಂತೆ ಅದು ಮತ್ತೆ ಮತ್ತೆ ಓಡಾಡಬೇಕು. ಹೊಲದಷ್ಟೇ ಅಗಲದ ಕೂರಿಗೆ ಇದ್ದರೆ? ಒಂದೇ ಸಲ ಎಳೆದರೆ ಬಿತ್ತನೆ ಮುಗಿಯಿತು!

ಸಿಲ್ವರ್‌ಬ್ರೂಕ್ ತಂಡ ಮಾಡಿದ್ದು ಅಂಥದನ್ನೇ. ಅದಕ್ಕೆ ಮೆಮ್‌ಜೆಟ್ ಎಂದು ಹೆಸರಿಟ್ಟರು. 2007ರಲ್ಲಿ ಅದು ಮೊದಲ ಬಾರಿ ಹೊರಜಗತ್ತಿಗೆ ಕಾಣಿಸಿಕೊಂಡಾಗ ಪ್ರಿಂಟರ್ ಉದ್ಯಮದವರು ಬೆರಗಾದರು. ಕಂಪ್ಯೂಟರ್ ಚಿಪ್ ಮಾಡುವ ವಿಧಾನದಲ್ಲೇ ಸಿಲಿಕಾನ್ ಮೇಲೆ ತೂತುಗಳನ್ನು ಕೊರೆದಿದ್ದರು. ಒಂದು ಚಿಪ್ಪಿನಲ್ಲಿ 6,400 ತೂತುಗಳು. ಅಂಥ 11 ಚಿಪ್ಪುಗಳನ್ನು ಸಾಲಾಗಿ ಜೋಡಿಸಿದರೆ ಎ-4 ಕಾಗದದ ಅಗಲ. ಒಟ್ಟು 70,400 ತೂತುಗಳು! ತಲೆ ಅಲ್ಲಾಡುವುದಿಲ್ಲ, ಕಾಗದ ಕೆಳಗಿನಿಂದ ಸರ್ರನೆ ಹಾದುಹೋಗುತ್ತದೆ. ನಿಮಿಷಕ್ಕೆ 60 ಪುಟ, ಅದೂ ಬಣ್ಣದಲ್ಲಿ. ಅಂದರೆ ಸೆಕೆಂಡಿಗೆ ಒಂದು ಪುಟ.

ಹೇಳಲು ಸುಲಭ, ಮಾಡಲು ಕಷ್ಟ. ಎಪ್ಪತ್ತು ಸಾವಿರ ತೂತುಗಳಲ್ಲಿ ಕೆಲವು ಕಟ್ಟಿಕೊಂಡರೂ ಕಾಗದದ ಉದ್ದಕ್ಕೂ ಬಿಳಿಗೆರೆ ಬೀಳುತ್ತದೆ. ಓಡಾಡುವ ತಲೆಯಾದರೆ ಒಂದು ತೂತು ಬಿಟ್ಟ ಜಾಗವನ್ನು ಮುಂದಿನ ಓಟದಲ್ಲಿ ಇನ್ನೊಂದು ತೂತು ತುಂಬಬಹುದು. ನಿಂತ ತಲೆಗೆ ಆ ಎರಡನೇ ಅವಕಾಶವಿಲ್ಲ. ಬಿತ್ತುವಾಗ ಕೂರಿಗೆಯ ಒಂದು ತಾಳು ಕಟ್ಟಿಕೊಂಡರೆ ಆ ಸಾಲಿನಲ್ಲಿ ಬೆಳೆಯೇ ಏಳದು, ಹಾಗೆ. ಜೊತೆಗೆ ಹೀಟರಿನ ಬಿಸಿ ಎಲ್ಲಿಗೆ ಹೋಗಬೇಕು, ಶಾಯಿ ಒಣಗದಂತೆ ಏನು ಮಾಡಬೇಕು, ಕಾಗದ ಕೂದಲಷ್ಟೂ ಅಲುಗದೆ ಹೇಗೆ ಓಡಬೇಕು... ಒಂದೊಂದು ತೊಡಕಿಗೂ ಒಂದೊಂದು ಪರಿಹಾರ, ಒಂದೊಂದು ಪರಿಹಾರಕ್ಕೂ ಹತ್ತಾರು ಪೇಟೆಂಟ್.

ಮುಟ್ಟಿದರೆ ಉತ್ತರ ಕೊಡುವ ಕಾಗದ

ಎರಡನೆಯ ದಾರಿ ಇನ್ನೂ ಸ್ವಾರಸ್ಯದ್ದು. ಅದರ ಹೆಸರು ನೆಟ್‌ಪೇಜ್. 1999ರಿಂದ ಇದರ ಪೇಟೆಂಟ್ ಅರ್ಜಿಗಳು ಶುರುವಾಗುತ್ತವೆ. ಇವುಗಳಲ್ಲಿ ಬಹಳಷ್ಟರಲ್ಲಿ ಸಿಲ್ವರ್‌ಬ್ರೂಕ್ ಜೊತೆ ಪಾಲ್ ಲ್ಯಾಪ್‌ಸ್ಟನ್ ಎಂಬ ಸಂಶೋಧಕರ ಹೆಸರೂ ಇದೆ.

ಆಗಿನ ಕಾಲವನ್ನು ನೆನಪಿಸಿಕೊಳ್ಳಿ. ಅಂತರಜಾಲ ಬೇಕೆಂದರೆ ಸೈಬರ್ ಕೆಫೆಗೆ ಹೋಗಬೇಕಿತ್ತು. ಕೈಯಲ್ಲಿ ಹಿಡಿಯುವ ಸ್ಮಾರ್ಟ್‌ಫೋನ್ ಇರಲಿಲ್ಲ. ಪರದೆ ದುಬಾರಿ, ಭಾರ, ಕರೆಂಟು ಹೋದರೆ ಕತ್ತಲೆ. ಕಾಗದವೋ ಅಗ್ಗ, ಹಗುರ, ಎಲ್ಲರಿಗೂ ಪರಿಚಿತ. ಹಾಗಾದರೆ ಕಾಗದಕ್ಕೇ ಪರದೆಯ ಗುಣ ಕೊಟ್ಟರೆ ಹೇಗೆ ಎಂಬುದು ಅವರ ಯೋಚನೆ.

ಅದು ಹೀಗೆ ಕೆಲಸ ಮಾಡಬೇಕಿತ್ತು. ಪ್ರಿಂಟರ್ ಎರಡು ಬಗೆಯ ಶಾಯಿಯಲ್ಲಿ ಅಚ್ಚು ಹಾಕುತ್ತದೆ. ಒಂದು ನಮ್ಮ ಕಣ್ಣಿಗೆ ಕಾಣುವ ಮಾಮೂಲಿ ಶಾಯಿ. ಇನ್ನೊಂದು ಕಣ್ಣಿಗೆ ಕಾಣದ, ಇನ್‌ಫ್ರಾರೆಡ್ ಬೆಳಕಿಗೆ ಮಾತ್ರ ಕಾಣುವ ಶಾಯಿ. ಈ ಎರಡನೇ ಶಾಯಿಯಲ್ಲಿ ಪುಟದ ತುಂಬ ಸಣ್ಣ ಸಣ್ಣ ಗುರುತುಗಳು. ಪ್ರತಿ ಗುರುತಿನಲ್ಲೂ ಎರಡು ಮಾಹಿತಿ: ಇದು ಯಾವ ಪುಟ, ಈ ಗುರುತು ಆ ಪುಟದ ಯಾವ ಜಾಗದಲ್ಲಿದೆ. ಬೇಲಿಯಿಲ್ಲದ ಹೊಲಕ್ಕೆ ನೆಲದೊಳಗೆ ಸರ್ವೆ ಕಲ್ಲು ಹೂತಿಟ್ಟ ಹಾಗೆ. ಮೇಲೆ ನೋಡುವವರಿಗೆ ಏನೂ ಕಾಣದು, ಅಳೆಯಲು ಬಂದವನಿಗೆ ಎಲ್ಲ ಸಿಗುತ್ತದೆ.

ಅಳೆಯಲು ಬರುವವನು ಇಲ್ಲಿ ಒಂದು ಪೆನ್ನು. ಅದರ ತುದಿಯಲ್ಲಿ ಇನ್‌ಫ್ರಾರೆಡ್ ದೀಪ, ಒಂದು ಸಣ್ಣ ಕ್ಯಾಮೆರಾ. ಪೆನ್ನನ್ನು ಕಾಗದದ ಮೇಲೆ ಇಟ್ಟ ಕೂಡಲೇ ಅದು ಕೆಳಗಿನ ಗುರುತನ್ನು ಓದಿ, ತಾನು ಎಲ್ಲಿದ್ದೇನೆಂದು ನಿಸ್ತಂತುವಾಗಿ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಜಾಗದಲ್ಲಿ ಚೌಕ ಇದ್ದರೆ ಟಿಕ್ ಹಾಕಿದಿರಿ ಎಂದು ಅರ್ಥ. ಗೆರೆ ಇದ್ದರೆ ಹೆಸರು ಬರೆದಿರಿ ಎಂದು ಅರ್ಥ. ಸುದ್ದಿಯ ತಲೆಬರಹ ಇದ್ದರೆ ಆ ಸುದ್ದಿಯ ಹೆಚ್ಚಿನ ವಿವರ ಕೇಳಿದಿರಿ ಎಂದು ಅರ್ಥ, ಕೂಡಲೇ ಪ್ರಿಂಟರ್ ಇನ್ನೊಂದು ಪುಟ ಅಚ್ಚು ಹಾಕಿ ಕೊಡುತ್ತದೆ! ಅರ್ಜಿ ನಮೂನೆಯನ್ನು ಕಾಗದದ ಮೇಲೆ ಪೆನ್ನಿನಲ್ಲಿ ತುಂಬುತ್ತ ಹೋದರೆ ಅದು ಕಂಪ್ಯೂಟರಿನಲ್ಲೂ ತಾನಾಗಿ ತುಂಬುತ್ತದೆ.

ಇದಲ್ಲದೆ ಪುಟದ ಮೇಲೆ ಇಡುವ ಒಂದು ಪುಟ್ಟ ಪರದೆಯನ್ನೂ ಅವರು ಯೋಚಿಸಿದ್ದರು. ಕಾಗದದ ಮೇಲೆ ಗಾಜು ಇಟ್ಟಂತೆ ಆ ಪರದೆಯಲ್ಲಿ ಕೆಳಗಿನ ಪುಟವೇ ಕಾಣುತ್ತದೆ. ಆದರೆ ಆ ಪುಟಕ್ಕೆ ಜೀವ ಬಂದಿರುತ್ತದೆ. ಬೆರಳಿಟ್ಟಲ್ಲಿ ಕೊಂಡಿ ತೆರೆಯುತ್ತದೆ.

ಸ್ವೀಡನ್ನಿನ ಆನೊಟೊ ಕಂಪನಿಯೂ ಅದೇ ಹೊತ್ತಿಗೆ ಇಂಥದೇ ದಾರಿಯಲ್ಲಿತ್ತು. ಅವರದು ಕಾಗದದ ತುಂಬ ನವಿರಾದ ಚುಕ್ಕೆಗಳು, ಅವನ್ನು ಓದುವ ಕ್ಯಾಮೆರಾ ಪೆನ್ನು. ಅಂದರೆ ಈ ಕನಸು ಒಬ್ಬರದೇ ಆಗಿರಲಿಲ್ಲ. ಪೇಟೆಂಟ್‌ಗಾಗಿ ಓಟ ಶುರುವಾಗುವುದು ಇಂಥ ಹೊತ್ತಿನಲ್ಲೇ.

ಪೇಟೆಂಟ್ ಎಂದರೆ ಗಡಿಕಲ್ಲು

ಬಹಳ ಜನ ಪೇಟೆಂಟ್ ಎಂದರೆ ಒಂದು ಪದಕ, ಬಿರುದು ಎಂದುಕೊಂಡಿದ್ದಾರೆ. ಅದು ಬಿರುದಲ್ಲ. ಅದೊಂದು ಗಡಿ. 'ಈ ಯೋಚನೆಯಲ್ಲಿ ಇಲ್ಲಿಂದ ಇಲ್ಲಿಯವರೆಗೆ ನನ್ನದು, ನನ್ನ ಅಪ್ಪಣೆ ಇಲ್ಲದೆ ಒಳಗೆ ಬರಬೇಡಿ' ಎಂದು ಸರಕಾರದ ಮುದ್ರೆಯೊಂದಿಗೆ ನೆಡುವ ಕಲ್ಲು. ಗಡಿಯ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಈ ಗಡಿಗೆ ಮೂರು ಕಟ್ಟುಗಳಿವೆ. ಮೊದಲನೆಯದು, ಅದು ಒಂದು ದೇಶದೊಳಗೆ ಮಾತ್ರ ನಡೆಯುತ್ತದೆ. ಅಮೆರಿಕದ ಪೇಟೆಂಟ್ ಭಾರತದಲ್ಲಿ ನಡೆಯದು, ಇಲ್ಲಿಗೆ ಬೇರೆಯೇ ಅರ್ಜಿ ಬೇಕು. ಎರಡನೆಯದು, ಅದು ಶಾಶ್ವತವಲ್ಲ. ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಆ ಹೊಲ ಊರಿನ ಗೋಮಾಳವಾದಂತೆ, ಯಾರು ಬೇಕಾದರೂ ಬಳಸಬಹುದು. ಮೂರನೆಯದು, ಹಕ್ಕು ಬೇಕಾದರೆ ಗುಟ್ಟು ಬಿಟ್ಟುಕೊಡಬೇಕು. ಓದಿದ ತಜ್ಞನೊಬ್ಬ ತಾನೇ ಮಾಡಿನೋಡುವಷ್ಟು ವಿವರವಾಗಿ ಎಲ್ಲವನ್ನೂ ಬರೆದುಕೊಡಬೇಕು, ಅದು ಎಲ್ಲರಿಗೂ ಓದಲು ಸಿಗುತ್ತದೆ. ಗುಟ್ಟು ಬಿಚ್ಚಿಟ್ಟಿದ್ದಕ್ಕೆ ಪ್ರತಿಫಲವಾಗಿ 20 ವರ್ಷದ ಹಕ್ಕು. ಇದೇ ಒಪ್ಪಂದ.

ಹೊಲದ ಕಂದಾಯದಂತೆ ಇದಕ್ಕೂ ಶುಲ್ಕ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಅವಧಿಗೆ ಮುಂಚೆಯೇ ಹಕ್ಕು ಹೋಗುತ್ತದೆ.

ನಾಲ್ಕು ಸಾವಿರ ಬಂದದ್ದು ಹೇಗೆ?

ಒಬ್ಬ ಮನುಷ್ಯ 4,700 ಹೊಸ ವಸ್ತುಗಳನ್ನು ಕಂಡುಹಿಡಿಯಲು ಸಾಧ್ಯವೇ? ವರ್ಷಕ್ಕೆ ಇನ್ನೂರು, ಮುನ್ನೂರು? ಇಲ್ಲ, ಲೆಕ್ಕ ಹಾಗಲ್ಲ.

1997ರ ಜುಲೈ 15ರಂದು ಸಿಲ್ವರ್‌ಬ್ರೂಕ್ ಆಸ್ಟ್ರೇಲಿಯಾದಲ್ಲಿ ಒಂದು ದೊಡ್ಡ ಕಟ್ಟು ಪ್ರಾಥಮಿಕ ಅರ್ಜಿಗಳನ್ನು ಸಲ್ಲಿಸಿದರು. ಅದರಲ್ಲಿ ಆರ್ಟ್‌ಕ್ಯಾಮ್ ಎಂಬ ಕ್ಯಾಮೆರಾ ಇತ್ತು. ಫೋಟೋ ತೆಗೆದ ಕೂಡಲೇ ತನ್ನೊಳಗಿನ ಪ್ರಿಂಟರಿನಿಂದ ಅಚ್ಚು ಹಾಕಿ ಕೊಡುವ ಕ್ಯಾಮೆರಾ. ಒಂದು ಕಾರ್ಡು ತೂರಿಸಿದರೆ ಫೋಟೋ ವರ್ಣಚಿತ್ರದಂತೆ ಬದಲಾಗುವ ವ್ಯವಸ್ಥೆಯೂ ಇತ್ತು. ಅದರ ಜೊತೆಯಲ್ಲೇ ಶಾಯಿ ಚಿಮ್ಮಿಸುವ ತೂತುಗಳ 45 ಬಗೆಯ ವಿನ್ಯಾಸಗಳಿದ್ದವು.

ಆ ಪೇಟೆಂಟ್‌ಗಳಲ್ಲಿ ಒಂದು ಪಟ್ಟಿ ಇದೆ. ಶಾಯಿ ಹನಿ ಹಾರಿಸಲು ಬಳಸುವ ಶಕ್ತಿ 18 ಬಗೆ, ಅದನ್ನು ನಡೆಸುವ ಕ್ರಮ 7 ಬಗೆ, ಸಹಾಯಕ ವ್ಯವಸ್ಥೆ 8 ಬಗೆ, ಚಲನೆಯನ್ನು ಹೆಚ್ಚಿಸುವ ಉಪಾಯ 17 ಬಗೆ, ಚಲನೆಯ ರೀತಿ 19 ಬಗೆ... ಹೀಗೆ ಒಟ್ಟು 11 ವಿಷಯಗಳು. ಎಲ್ಲವನ್ನೂ ಒಂದಕ್ಕೊಂದು ಗುಣಿಸಿದರೆ ಸಿಗುವ ಸಂಖ್ಯೆ 3,690 ಕೋಟಿಗೂ ಮಿಗಿಲು! ಅಷ್ಟೊಂದು ರೀತಿಯಲ್ಲಿ ಶಾಯಿ ಹಾರಿಸುವ ತೂತು ಮಾಡಬಹುದು, ಅದರಲ್ಲಿ ಮುಖ್ಯವೆಂದು ಕಂಡ 45ನ್ನು ವಿವರಿಸಿದ್ದೇವೆ ಎಂಬುದು ಅದರ ತಾತ್ಪರ್ಯ.

ಇದರ ಮರ್ಮ ಅರ್ಥವಾಯಿತೇ? ಒಂದು ಹೊಲ ಕೊಳ್ಳುವ ಬದಲು ಊರಿನ ನಕಾಶೆಯನ್ನೇ ಮುಂದಿಟ್ಟುಕೊಂಡು, ಯಾರು ಯಾವ ದಾರಿಯಿಂದ ಬರಬಹುದೋ ಅಲ್ಲೆಲ್ಲ ಕಲ್ಲು ನೆಡುವುದು. ಒಂದೇ ಯಂತ್ರದ ಒಂದೊಂದು ಭಾಗಕ್ಕೂ, ಒಂದೊಂದು ಭಾಗ ಮಾಡುವ ಒಂದೊಂದು ವಿಧಾನಕ್ಕೂ ಬೇರೆ ಬೇರೆ ಪೇಟೆಂಟ್. ಒಮ್ಮೆ ಬರೆದ ದೊಡ್ಡ ವಿವರಣೆಯಿಂದಲೇ ಮುಂದೆ ವರ್ಷಾನುಗಟ್ಟಲೆ ಹೊಸ ಹೊಸ ಪೇಟೆಂಟ್‌ಗಳನ್ನು ಕವಲು ಒಡೆಸಲು ಅಮೆರಿಕದ ಕಾನೂನಿನಲ್ಲಿ ದಾರಿ ಇದೆ. ತಂಡದವರ ಜೊತೆ ಸೇರಿ ಮಾಡಿದ ಕೆಲಸಗಳಲ್ಲೂ ಅವರ ಹೆಸರು ಇದೆ. ಹೀಗೆ ಸಂಖ್ಯೆ ಸಾವಿರಗಳನ್ನು ದಾಟಿತು.

ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ದೊಡ್ಡ ಕಂಪನಿಗಳೂ ಹೀಗೇ ಮಾಡುತ್ತವೆ. ಸಣ್ಣ ಸಂಸ್ಥೆಯೊಂದು ದೈತ್ಯ ಪ್ರಿಂಟರ್ ಕಂಪನಿಗಳ ನಡುವೆ ಬದುಕಬೇಕಾದರೆ ಇಂಥ ಬೇಲಿ ಬೇಕೂ ಬೇಕು. ಆದರೆ ಸಂಖ್ಯೆ ನೋಡಿ 'ಎಡಿಸನ್‌ಗಿಂತ ನಾಲ್ಕು ಪಟ್ಟು ದೊಡ್ಡ ಸಂಶೋಧಕ' ಎಂದರೆ ಕಲ್ಲುಗಳನ್ನು ಎಣಿಸಿ ಬೆಳೆಯ ಲೆಕ್ಕ ಹೇಳಿದಂತೆ.

2008ರ ಫೆಬ್ರವರಿಯಲ್ಲಿ ಸಿಲ್ವರ್‌ಬ್ರೂಕ್ ಜಪಾನಿನ ಶುನ್‌ಪೈ ಯಾಮಾಜಾಕಿ ಅವರನ್ನು ಹಿಂದೆ ಹಾಕಿ, ಅಮೆರಿಕದ ಪೇಟೆಂಟ್‌ಗಳ ಲೆಕ್ಕದಲ್ಲಿ ಜಗತ್ತಿಗೇ ಮೊದಲಿಗರಾದರು. ಯಾಮಾಜಾಕಿ ಅವರ ಕ್ಷೇತ್ರ ಟಿವಿ, ಫೋನುಗಳ ಪರದೆಗೆ ಬೇಕಾದ ಟ್ರಾನ್ಸಿಸ್ಟರ್‌ಗಳು. ಮುಂದಿನ ವರ್ಷಗಳಲ್ಲಿ ಅವರು ಮತ್ತೆ ಮುಂದೆ ಹೋದರು.

ಬೆಳೆ ಎಷ್ಟು ಬಂತು?

ಮೆಮ್‌ಜೆಟ್ ಪ್ರಿಂಟರ್ ಅಂಗಡಿಗೆ ಬಂದದ್ದು ನಿಜ. 2011ರಲ್ಲಿ ಚೀನಾದ ಲೆನೊವೊ ಮುಂತಾದ ಕಂಪನಿಗಳು ಪಾಲುದಾರರಾಗಿ ಮುಂದೆ ಬಂದವು. ಭಾರತಕ್ಕೆ ಪಾಲುದಾರನೆಂದು ಹೆಸರಿಸಿದ್ದು ಬೆಂಗಳೂರಿನ ವೆಪ್ ಪೆರಿಫೆರಲ್ಸ್ ಕಂಪನಿಯನ್ನು. ಆದರೆ ಮನೆಮನೆಯ, ಅಂಗಡಿ ಅಂಗಡಿಯ ಪ್ರಿಂಟರ್ ಆಗಲು ಅದಕ್ಕೆ ಆಗಲಿಲ್ಲ. ಲೇಬಲ್, ಪೊಟ್ಟಣ, ದೊಡ್ಡ ನಕಾಶೆ ಅಚ್ಚು ಹಾಕುವ ಯಂತ್ರಗಳಲ್ಲಿ ಅದು ತನ್ನ ಜಾಗ ಕಂಡುಕೊಂಡಿತು.

2012ರಲ್ಲಿ ಹಣ ಹೂಡಿದವರಿಗೂ ಸಂಶೋಧನಾ ಸಂಸ್ಥೆಗೂ ನಡುವೆ ವ್ಯಾಜ್ಯ ಹುಟ್ಟಿ ಅಮೆರಿಕದ ಕೋರ್ಟು ಮೆಟ್ಟಿಲು ಹತ್ತಿತು. ಅದೇ ವರ್ಷ ರಾಜಿಯಾಯಿತು. ಮೆಮ್‌ಜೆಟ್ ತಂತ್ರಜ್ಞಾನ, ಅದರ ಪೇಟೆಂಟ್‌ಗಳು ಮೆಮ್‌ಜೆಟ್ ಕಂಪನಿಯ ಪಾಲಾದವು. ಇಲ್ಲೊಂದು ಪಾಠವಿದೆ. ಪೇಟೆಂಟ್ ಮೇಲೆ ಸಂಶೋಧಕನ ಹೆಸರು ಎಂದೂ ಅಳಿಯದು. ಆದರೆ ಒಡೆತನ ಆಸ್ತಿಯಂತೆ ಕೈಬದಲಾಗುತ್ತದೆ. ಉಳುವವನೇ ಯಾವಾಗಲೂ ಒಡೆಯನಾಗಿರುವುದಿಲ್ಲ.

2015ರಲ್ಲಿ ಮೆಮ್‌ಜೆಟ್ ಕಂಪನಿಯು ತನ್ನ ಪೇಟೆಂಟ್ ಹಿಡಿದು ಎಚ್‌ಪಿ ಕಂಪನಿಯ ಮೇಲೆ ದಾವೆ ಹೂಡಿತು. ಎಚ್‌ಪಿಯೂ ಪುಟದಗಲದ ತಲೆಯ ಪ್ರಿಂಟರ್‌ಗಳನ್ನು ಮಾರುತ್ತಿತ್ತು. ಆ ಜಗಳವೂ ರಾಜಿಯಲ್ಲಿ ಮುಗಿಯಿತು. ನೆಟ್ಟ ಕಲ್ಲುಗಳು ಕೆಲಸಕ್ಕೆ ಬರುವುದು ಇಂಥ ದಿನ.

ನೆಟ್‌ಪೇಜ್ ಕಥೆ ಬೇರೆ. ವಿಶೇಷ ಶಾಯಿ ಬೇಕು, ವಿಶೇಷ ಪ್ರಿಂಟರ್ ಬೇಕು, ವಿಶೇಷ ಪೆನ್ನು ಬೇಕು. ಇವೆಲ್ಲ ಸಿದ್ಧವಾಗುವಷ್ಟರಲ್ಲಿ ಜನರ ಜೇಬಿಗೆ ಸ್ಮಾರ್ಟ್‌ಫೋನ್ ಬಂದುಬಿಟ್ಟಿತು. 2012ರ ಕೊನೆಯಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಯ ಒಂದು ಸಂಚಿಕೆಗೆ ನೆಟ್‌ಪೇಜ್ ಹೆಸರಿನ ಫೋನ್ ಆಪ್ ಬಂತು. ಪುಟಕ್ಕೆ ಫೋನ್ ಹಿಡಿದರೆ ಆ ಪುಟ ಫೋನಿನಲ್ಲಿ ತೆರೆಯುತ್ತಿತ್ತು. ಕಾಣದ ಶಾಯಿ, ವಿಶೇಷ ಪೆನ್ನು ಎರಡನ್ನೂ ಬಿಟ್ಟ ಮೇಲೂ ಅದು ಜನರ ರೂಢಿಯಾಗಲಿಲ್ಲ.

ಗೆದ್ದದ್ದು ಗೋಡೆಯ ಮೇಲಿನ ಚೌಕ

ಹಾಗಾದರೆ ಕಾಗದವನ್ನು ಪರದೆಗೆ ಜೋಡಿಸುವ ಕನಸು ಸತ್ತುಹೋಯಿತೇ? ಇಲ್ಲ. ನಿಮ್ಮೂರಿನ ಕಿರಾಣಿ ಅಂಗಡಿಯ ಗೋಡೆ ನೋಡಿ. ಹಣ ಕಳಿಸಲು ಫೋನ್ ಹಿಡಿಯುವ ಕಪ್ಪು ಬಿಳುಪು ಚೌಕ ಅಲ್ಲಿ ಅಂಟಿಕೊಂಡಿದೆ. ಅದೇ ಕ್ಯೂಆರ್ ಕೋಡ್. ಬರೀ ಕಾಗದ, ಬರೀ ಕಪ್ಪು ಶಾಯಿ!

ಇದನ್ನು 1994ರಲ್ಲಿ ರೂಪಿಸಿದವರು ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ. ಮೋಟಾರು ಕಾರಿನ ಬಿಡಿಭಾಗ ಮಾಡುವ ಕಂಪನಿ ಅದು. ಆಗಿನ ಬಾರ್‌ಕೋಡ್‌ನಲ್ಲಿ ಇಪ್ಪತ್ತು ಅಕ್ಷರದಷ್ಟು ಮಾತ್ರ ಮಾಹಿತಿ ಹಿಡಿಸುತ್ತಿತ್ತು. ಒಂದೊಂದು ಡಬ್ಬಕ್ಕೂ ಹಲವು ಬಾರ್‌ಕೋಡ್ ಅಂಟಿಸಿ, ಒಂದೊಂದನ್ನೂ ಓದಿಸಿ ಕೆಲಸಗಾರರು ಬೇಸತ್ತಿದ್ದರು. ಅವರ ತೊಂದರೆ ನೀಗಿಸಲು ಹುಟ್ಟಿದ್ದು ಈ ಚೌಕ. ಇದರಲ್ಲಿ ಅಂಕಿಗಳಾದರೆ ಏಳು ಸಾವಿರದವರೆಗೂ ಹಿಡಿಸುತ್ತದೆ. ಮೂರು ಮೂಲೆಗಳಲ್ಲಿ ಇರುವ ದೊಡ್ಡ ಚೌಕಗಳು ಓದುವ ಯಂತ್ರಕ್ಕೆ ದಿಕ್ಕು ತೋರಿಸುತ್ತವೆ. ಅಚ್ಚಾದ ಕಾಗದಗಳಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಅಳತೆ ಯಾವುದೆಂದು ಹುಡುಕಿ, ಕಪ್ಪು ಬಿಳುಪಿನ ಅಗಲವನ್ನು 1:1:3:1:1 ಎಂದು ಇಟ್ಟರು. ಅದಕ್ಕೇ ಫೋನು ತಟ್ಟನೆ ಗುರುತು ಹಿಡಿಯುತ್ತದೆ. ಹೆಚ್ಚಿನ ರಕ್ಷಣೆಯ ಬಗೆಯಲ್ಲಿ ಶೇಕಡಾ 30ರವರೆಗೆ ಹಾಳಾದರೂ ಓದಬಹುದು.

ಡೆನ್ಸೊ ಕೂಡ ಇದಕ್ಕೆ ಪೇಟೆಂಟ್ ಮಾಡಿಸಿತ್ತು. ಆದರೆ ನಿಯಮದ ಪ್ರಕಾರ ಕೋಡ್ ಬಳಸುವ ಯಾರ ಮೇಲೂ ಆ ಹಕ್ಕನ್ನು ಚಲಾಯಿಸುವುದಿಲ್ಲ ಎಂದು ಹೇಳಿಬಿಟ್ಟಿತು. ಗಡಿಕಲ್ಲು ನೆಟ್ಟಿತು, ದಿಡ್ಡಿ ಬಾಗಿಲು ತೆರೆದಿಟ್ಟಿತು. ಬೇರೆ ಯಾರೋ ಬಂದು 'ಇದು ನನ್ನದು' ಎಂದು ಬೇಲಿ ಹಾಕದಂತೆ ಕಲ್ಲು ಕಾಯುತ್ತಿತ್ತು, ಬಳಸುವವರಿಗೆ ಬಾಗಿಲು ತೆರೆದೇ ಇತ್ತು. 2000ದಲ್ಲಿ ಅದು ಅಂತಾರಾಷ್ಟ್ರೀಯ ಮಾನಕವೂ ಆಯಿತು. ಯಾರೂ ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ಇದರ ಫಲ ನಮ್ಮ ಸೊಲ್ಲಾಪುರ ಜಿಲ್ಲೆಗೂ ಬಂತು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ 2009ರಲ್ಲಿ ರಂಜಿತ್‌ಸಿಂಹ ಡಿಸಲೆ ಎಂಬ ಶಿಕ್ಷಕರು ಬಂದರು. ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಹಳೇ ಕಟ್ಟಡ. ಮಕ್ಕಳ ಮನೆಮಾತು ಕನ್ನಡ, ಪಠ್ಯ ಬೇರೆ ಭಾಷೆಯಲ್ಲಿ ಎಂದು ಮುಂದೆ ಅವರಿಗೆ ಪ್ರಶಸ್ತಿ ಕೊಟ್ಟ ಸಂಸ್ಥೆಯೇ ಬರೆದಿದೆ. ಮೇಷ್ಟ್ರು ಕನ್ನಡ ಕಲಿತರು, ಪಾಠಗಳನ್ನು ಮಕ್ಕಳ ಮಾತಿಗೆ ತಂದರು, ಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಇಟ್ಟರು. ಫೋನ್ ಹಿಡಿದರೆ ಪದ್ಯ ಕೇಳುತ್ತದೆ, ಪಾಠದ ವಿಡಿಯೋ ಬರುತ್ತದೆ. ಮುಂದೆ ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೂ, ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಈ ಚೌಕ ಬಂತು. 2020ರ ಡಿಸೆಂಬರಿನಲ್ಲಿ ಅವರಿಗೆ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಸಿಕ್ಕಿತು. ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿಗೆ ಹಂಚಿದರು.

ಮುಟ್ಟಿದರೆ ಉತ್ತರ ಕೊಡುವ ಕಾಗದ! ಸಿಲ್ವರ್‌ಬ್ರೂಕ್ ಕಂಡ ಕನಸೇ ಅಲ್ಲವೇ ಇದು? ಅದು ಹಳ್ಳಿ ಶಾಲೆಗೆ ಬಂದದ್ದು ಮಾತ್ರ ತೆರೆದಿಟ್ಟ ಬಾಗಿಲಿನಿಂದ. ಹಾಗೆಂದು ಬೇಲಿ ಹಾಕುವುದು ತಪ್ಪು ಎಂದಲ್ಲ. ಡೆನ್ಸೊ ಕೋಡನ್ನು ಬಿಟ್ಟುಕೊಟ್ಟು ಅದನ್ನು ಓದುವ ಯಂತ್ರ ಮಾರಿ ಹಣ ಮಾಡಬಹುದಿತ್ತು. ಯೋಚನೆಯನ್ನು ಬಿಟ್ಟರೆ ಮಾರಲು ಬೇರೇನೂ ಇಲ್ಲದ ಸಂಸ್ಥೆಗೆ ಆ ಅನುಕೂಲ ಇಲ್ಲ. ಎಲ್ಲಿ ಕಲ್ಲು ನೆಡಬೇಕು, ಯಾವಾಗ ಬಾಗಿಲು ತೆರೆಯಬೇಕು ಎಂಬ ತೀರ್ಮಾನ ಪೇಟೆಂಟ್‌ನ ಸಂಖ್ಯೆಗಿಂತ ದೊಡ್ಡದು.

ಇನ್ನೊಂದು ಮಾತು. 1997-98ರ ಆ ಮೊದಲ ಅರ್ಜಿಗಳಿಂದ ಬಂದ ಪೇಟೆಂಟ್‌ಗಳಲ್ಲಿ ಬಹುಪಾಲಿನ ಅವಧಿ 2018ರ ಸುಮಾರಿಗೆ ಮುಗಿದಿದೆ. ಅಂದರೆ ಆ 45 ವಿನ್ಯಾಸಗಳ ವಿವರಣೆ, ಚಿತ್ರ, ಅಳತೆ ಎಲ್ಲವೂ ಈಗ ಗೋಮಾಳ. ಅಂತರಜಾಲದಲ್ಲಿ ಬಿಟ್ಟಿಯಾಗಿ ಓದಬಹುದು. ನಮ್ಮ ಪಾಲಿಟೆಕ್ನಿಕ್, ಐಟಿಐ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಕೇ? ಗುಟ್ಟು ಬರೆಸಿಕೊಂಡು ಹಕ್ಕು ಕೊಡುವ ಒಪ್ಪಂದದ ನಿಜವಾದ ಲಾಭ ಇದೇ.

ನಿಮ್ಮೂರಲ್ಲೂ ಒಬ್ಬರಿರಬಹುದು

ಅಡಕೆ ಮರ ಹತ್ತುವ ಉಪಕರಣ, ಶೇಂಗಾ ಸುಲಿಯುವ ಯಂತ್ರ, ಹಳೇ ಬೈಕಿನಿಂದ ಎಡೆಕುಂಟೆ... ಇಂಥದು ಏನಾದರೂ ಹೊಸದು ಮಾಡಿದವರು ನಿಮ್ಮೂರಲ್ಲಿದ್ದರೆ ಈ ನಾಲ್ಕು ಮಾತು ಅವರಿಗೆ ತಿಳಿಸಿ.

ಒಂದು, ಅರ್ಜಿ ಹಾಕುವ ಮುಂಚೆ ಪತ್ರಿಕೆಗೆ, ವಿಡಿಯೋಗೆ, ಕೃಷಿಮೇಳಕ್ಕೆ ಕೊಡಬೇಡಿ. ಒಮ್ಮೆ ಬಹಿರಂಗವಾದರೆ ಅದು 'ಹೊಸದು' ಅಲ್ಲ, ಕೆಲವು ವಿನಾಯಿತಿ ಬಿಟ್ಟರೆ ಪೇಟೆಂಟ್ ಸಿಗದು. ಎರಡು, ಪೂರ್ತಿ ಸಿದ್ಧವಾಗದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಮೂರು, ನಮ್ಮ ಕಾಯ್ದೆಯಲ್ಲಿ ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ, ಆದರೆ ಹೊಸ ಬೇಸಾಯ ಉಪಕರಣಕ್ಕೆ ಉಂಟು. ನಾಲ್ಕು, ರಾಜ್ಯ ಯಾವುದೋ ಆ ಪ್ರಕಾರ ಕಚೇರಿ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದವರಿಗೆ ಚೆನ್ನೈ. ಮಹಾರಾಷ್ಟ್ರ, ಗೋವಾದವರಿಗೆ ಮುಂಬಯಿ. ಕರ್ನಾಟಕದವರೂ ಚೆನ್ನೈಗೇ ಹೋಗಬೇಕು!

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಕನ್ನಡದಲ್ಲೂ ಇಲ್ಲ, ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲೂ ಇಲ್ಲ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಆಡಿ ರೂಢಿಯಾದ ನಮಗೆ ಮೂರನೆಯದು ಅಷ್ಟೇನೂ ಹೊಸದಲ್ಲ. ಬರೆಯಲು ನೆರವು ಬೇಕಾದರೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವಿದೆ. ಶಾಲೆ ಓದದ ಹಳ್ಳಿಯ ಸಂಶೋಧಕರಿಗೆಂದೇ 2000ದಲ್ಲಿ ಶುರುವಾದ ಸಂಸ್ಥೆ ಅದು.

ನಾಲ್ಕು ಸಾವಿರ ಪೇಟೆಂಟ್ ಬೇಕಾಗಿಲ್ಲ. ಒಂದು ಸಾಕು, ಅದು ಯಾರದಾದರೂ ಕೈಯ ನೋವು ಕಡಿಮೆ ಮಾಡಿದರೆ. ಮುಂದಿನ ಸಲ ಝೆರಾಕ್ಸ್ ಅಂಗಡಿಯಲ್ಲಿ ಆ 'ಝರ್... ಝರ್...' ಕೇಳಿದಾಗ, 'ಇದು ಹೀಗೇ ಯಾಕಿರಬೇಕು?' ಎಂದು ನೀವೂ ಒಮ್ಮೆ ಕೇಳಿ ನೋಡಿ. ಎಲ್ಲ ಪೇಟೆಂಟ್ ಶುರುವಾಗುವುದು ಆ ಒಂದು ಪ್ರಶ್ನೆಯಿಂದಲೇ.